ಗೆಲ್ಲಲು ಅಂಜಿದ ಗಾಯಕ

ಚಿತ್ರದುರ್ಗವು ಕಲ್ಲಿನ ಕೋಟೆಯ ಊರು. ಏಳು ಸುತ್ತಿನ ಆ ಕೋಟೆಯ ಬಂಡೆಗಳ ನಡುವೆ ನಿಂತವರಿಗೆ ಮೊದಲು ನೆನಪಾಗುವುದು ಪಾಳೆಯಗಾರರ ಪರಾಕ್ರಮ, ಒನಕೆ ಓಬವ್ವನ ಸಾಹಸ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ಒಳಗೊಂಡ ಆ ದುರ್ಗದ ಸೀಮೆಯ ನೆನಪಿನಲ್ಲಿ ಕತ್ತಿ ಹಿಡಿದವರ ಜತೆಗೆ ತಂಬೂರಿ ಹಿಡಿದವನೊಬ್ಬನೂ ಉಳಿದಿದ್ದಾನೆ. ಅವನೇ ಭೈರವಿ ವೆಂಕಟಸುಬ್ಬಯ್ಯ. ಭೈರವಿ ರಾಗವನ್ನು ಹಾಡುವುದರಲ್ಲಿ ಎಣೆಯಿಲ್ಲದವನೆಂದು ಹೆಸರಾದ ಆ ಗಾಯಕನು ಆಳುವವರ ಅಪ್ಪಣೆಗೆ ಮಣಿದು ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆಂದು ಐತಿಹ್ಯವುಂಟು.

ಈ ಐತಿಹ್ಯವನ್ನು ಕಾದಂಬರಿಯಾಗಿ ಬೆಳೆಸಿದವರು ತ.ರಾ.ಸು. ಎಂದು ನಾಡಿಗೆಲ್ಲ ಪರಿಚಿತರಾದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು. 1920ರಲ್ಲಿ ಮಲೆಬೆನ್ನೂರಿನಲ್ಲಿ ಹುಟ್ಟಿ, 1984ರಲ್ಲಿ ತೀರಿಕೊಂಡ ಅವರು ದುರ್ಗದ ಇತಿಹಾಸವನ್ನು ತಮ್ಮ ಕಾದಂಬರಿಗಳ ಮೂಲಕ ಕನ್ನಡಿಗರ ಮನೆಮಾತಾಗಿಸಿದರು. 1952ರಲ್ಲಿ ಪ್ರಕಟವಾದ ಅವರ ‘ಹಂಸಗೀತೆ’ಯು ಗಾಯಕನೊಬ್ಬನ ಏಳುಬೀಳುಗಳ ಕಥೆ. ಆ ಕಥೆ ಕೋಟೆಯನ್ನು ದಾಟಿ ಮುಂಬಯಿಗೆ ಹೋಯಿತು. 1956ರಲ್ಲಿ ಅದನ್ನು ಆಧರಿಸಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಲನಚಿತ್ರವು ತಯಾರಾಯಿತು. ದುರ್ಗದ ಗಾಯಕನ ಕಥೆ ಉತ್ತರದೇಶದ ಉಡುಪನ್ನು ತೊಟ್ಟಿತು. ಕಥಾನಾಯಕನು ಹಿಂದೂಸ್ಥಾನಿ ರಾಗಗಳನ್ನು ಹಾಡುವವನಾದನು.

ತೆರೆಯ ಮೇಲೆ ಕಾಣುವ ನಟನು ತುಟಿಯಾಡಿಸಿದರೆ, ತೆರೆಯ ಹಿಂದೆ ನಿಜವಾಗಿ ಹಾಡುವವನು ಬೇರೊಬ್ಬನಿರುತ್ತಾನೆ. ಆತನೇ ಹಿನ್ನೆಲೆ ಗಾಯಕ. ‘ಬಸಂತ್ ಬಹಾರ್’ ಚಿತ್ರದ ನಾಯಕನಿಗಾಗಿ ಹಾಡಿದವರಲ್ಲಿ ಮನ್ನಾ ಡೇ ಒಬ್ಬರು. ಆ ಚಿತ್ರದ ಒಂದು ಹಾಡಿನ ಕಾರಣದಿಂದ ಮನ್ನಾ ಡೇ ಅವರ ಮನೆಯಲ್ಲಿ ಗಂಡಹೆಂಡಿರ ನಡುವೆ ಒಂದು ಭಿನ್ನಾಭಿಪ್ರಾಯವು ಹುಟ್ಟಿತು. ಅದು ಹಣಕ್ಕಾಗಿ ಹುಟ್ಟಿದ್ದಲ್ಲ, ಒಡವೆಗಾಗಿ ಹುಟ್ಟಿದ್ದೂ ಅಲ್ಲ. ಇಬ್ಬರು ಗಾಯಕರಲ್ಲಿ ಯಾರು ಯಾರನ್ನು ಗೆಲ್ಲಬಲ್ಲರು ಎಂಬ ವಿಷಯವಾಗಿ ಹುಟ್ಟಿದ್ದು. ಆ ದಿನ ಹೆಂಡತಿಯ ಮಾತು ಸೋತಿದ್ದರೆ ಭಾರತೀಯ ಚಿತ್ರಸಂಗೀತದ ಒಂದು ಅಪೂರ್ವ ಗೀತೆಗೆ ಆ ದನಿ ದೊರೆಯುತ್ತಿರಲಿಲ್ಲ.

ಮನ್ನಾ ಡೇ ಅವರ ನಿಜನಾಮ ಪ್ರಬೋಧಚಂದ್ರ ಡೇ. ಅವರು 1919ರ ಮೇ 1ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಪೂರ್ಣಚಂದ್ರ ಡೇ, ತಾಯಿ ಮಹಾಮಾಯಾ. ಆ ಮನೆಯ ದೀಪದಂತಿದ್ದವರು ಚಿಕ್ಕಪ್ಪ ಕೃಷ್ಣಚಂದ್ರ ಡೇ. ಎಳೆಯ ವಯಸ್ಸಿನಲ್ಲಿಯೇ ಕಣ್ಣಿನ ಬೆಳಕನ್ನು ಕಳೆದುಕೊಂಡ ಅವರು ಎದೆಗುಂದದೆ ಸಂಗೀತವನ್ನು ಸಾಧಿಸಿ, ಗಾಯಕರಾಗಿ, ಸಂಗೀತ ನಿರ್ದೇಶಕರಾಗಿ, ನಟರಾಗಿ ಬಂಗಾಳದಲ್ಲೆಲ್ಲ ಕೀರ್ತಿವಂತರಾಗಿದ್ದರು. ಮನೆಗೆ ಬಂದುಹೋಗುತ್ತಿದ್ದ ವಿದ್ವಾಂಸರ ಗಾಯನವೂ ಚಿಕ್ಕಪ್ಪನ ಅಭ್ಯಾಸವೂ ಬಾಲಕನ ಕಿವಿಯನ್ನು ತಿದ್ದಿದವು. ಮೊದಲ ಪಾಠಗಳು ಚಿಕ್ಕಪ್ಪನಿಂದಲೇ ಆದವು. ಮುಂದೆ ಉಸ್ತಾದ್ ದಬೀರ್ ಖಾನ್ ಅವರಿಂದಲೂ ಶಿಕ್ಷಣವು ದೊರೆಯಿತು.

ಹುಡುಗನಿಗೆ ಸಂಗೀತದಷ್ಟೇ ಪ್ರಿಯವಾಗಿದ್ದ ಇನ್ನೊಂದು ವಿದ್ಯೆ ಕುಸ್ತಿ. ಪ್ರಸಿದ್ಧ ಮಲ್ಲರಾದ ಗೋಬರ್ ಗುಹಾ ಅವರ ಗರಡಿಯಲ್ಲಿ ಆತ ಸಾಮು ಮಾಡಿದನು. ಮಣ್ಣಿನಲ್ಲಿ ಹೊರಳಿ, ಎದುರಾಳಿಯ ಪಟ್ಟಿಗೆ ಮರುಪಟ್ಟು ಹಾಕುವುದನ್ನು ಕಲಿತನು. ಕಾಲೇಜಿನ ದಿನಗಳಲ್ಲಿ ಗೆಳೆಯರ ನಡುವೆ ಹಾಡುತ್ತಿದ್ದ ಆತನು ಅಂತರ ಕಾಲೇಜು ಸಂಗೀತ ಸ್ಪರ್ಧೆಯಲ್ಲಿ ಸತತವಾಗಿ ಮೂರು ವರ್ಷ ಮೊದಲ ಸ್ಥಾನವನ್ನು ಪಡೆದನು. ಗರಡಿಯಲ್ಲಿ ಸೆಣಸಿದ, ವೇದಿಕೆಯಲ್ಲಿ ಗೆದ್ದ ಈ ತರುಣನೇ ಮುಂದೊಂದು ದಿನ ಸ್ಪರ್ಧೆಗೆ ಅಂಜಿ ಊರು ಬಿಡಲು ಹೊರಡುವನೆಂದು ಆಗ ಯಾರಾದರೂ ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು.

1942ರಲ್ಲಿ ಚಿಕ್ಕಪ್ಪನ ಜತೆಗೂಡಿ ಪ್ರಬೋಧಚಂದ್ರರು ಮುಂಬಯಿಗೆ ಬಂದರು. ಮನೆಯವರು ಕರೆಯುತ್ತಿದ್ದ ಮನ್ನಾ ಎಂಬ ಮುದ್ದಿನ ಹೆಸರೇ ಅವರ ಹೆಸರಾಗಿ ನಿಂತಿತು. ಮೊದಲು ಚಿಕ್ಕಪ್ಪನಿಗೆ, ಅನಂತರ ಸಚಿನ್ ದೇವ್ ಬರ್ಮನ್ ಅವರಿಗೆ ಸಹಾಯಕರಾಗಿ ದುಡಿದರು. ಅದೇ ವರ್ಷ ‘ತಮನ್ನಾ’ ಚಿತ್ರದಲ್ಲಿ ಸುರೈಯಾ ಅವರೊಂದಿಗೆ ಹಾಡಿದ ಹಾಡು ಅವರ ಮೊದಲ ಹಿನ್ನೆಲೆ ಗಾಯನ. ಮರುವರ್ಷದ ‘ರಾಮರಾಜ್ಯ’ದಲ್ಲಿ ಅವರ ಹಾಡು ಮೆಚ್ಚುಗೆ ಪಡೆಯಿತು. ಆದರೆ ಆ ಮೆಚ್ಚುಗೆಯೇ ಒಂದು ತೊಡಕಾಯಿತು. ಭಕ್ತಿಗೀತೆಗಳಿಗೆ, ಪುರಾಣದ ಕಥೆಗಳಿಗೆ, ವಯಸ್ಸಾದ ಪಾತ್ರಗಳಿಗೆ ಮಾತ್ರ ಅವರ ಕಂಠವು ತಕ್ಕುದೆಂದು ಚಿತ್ರರಂಗವು ತೀರ್ಮಾನಿಸಿಬಿಟ್ಟಿತು. ಇಪ್ಪತ್ತೈದು ತುಂಬದ ತರುಣನು ನೆರೆತ ಗಡ್ಡದ ಮುನಿಗಳಿಗಾಗಿ ಹಾಡಬೇಕಾಯಿತು. ಕಲ್ಕತ್ತೆಗೆ ಹಿಂದಿರುಗಿಬಿಡಬೇಕೆಂಬ ಬೇಸರವೂ ಆಗಾಗ ಅವರನ್ನು ಕಾಡಿತು.

ಆದರೂ ಅವರು ಅಭ್ಯಾಸವನ್ನು ಕೈಬಿಡಲಿಲ್ಲ. ಮುಂಬಯಿಯಲ್ಲಿ ಉಸ್ತಾದ್ ಅಮಾನ್ ಅಲಿ ಖಾನ್, ಉಸ್ತಾದ್ ಅಬ್ದುಲ್ ರಹಮಾನ್ ಖಾನ್ ಅವರಲ್ಲಿ ಶಾಸ್ತ್ರೀಯ ಸಂಗೀತದ ಪಾಠವನ್ನು ಮುಂದುವರಿಸಿದರು. 1950ರಲ್ಲಿ ತೆರೆಕಂಡ ‘ಮಶಾಲ್’ ಚಿತ್ರದ ಹಾಡು ಅವರಿಗೆ ಹೆಸರು ತಂದಿತು. 1953ರ ‘ದೋ ಬಿಘಾ ಜಮೀನ್’, 1955ರ ‘ಶ್ರೀ 420’ ಚಿತ್ರಗಳಲ್ಲಿ ಅವರ ದನಿ ದೇಶದ ಮೂಲೆಮೂಲೆಗೂ ತಲುಪಿತು. ಹೀಗಿದ್ದರೂ ಅವರ ಅಂತರಂಗದಲ್ಲಿ ಒಂದು ಅಳುಕು ಉಳಿದೇ ಇದ್ದಿತು. ತನಗಿಂತ ಬೇರೊಬ್ಬನೇ ಈ ಹಾಡಿಗೆ ತಕ್ಕವನೆಂದು ಎದುರಿನವರು ಎಣಿಸುತ್ತಿರಬಹುದೆಂಬ ಶಂಕೆ ಅದು. ಆ ಶಂಕೆಗೆ ಕಾರಣವಿಲ್ಲದೆ ಇರಲಿಲ್ಲ. 1956ರ ‘ಚೋರಿ ಚೋರಿ’ ಚಿತ್ರದ ಹಾಡಿಗೆ ಅವರು ಸಿದ್ಧರಾಗಿ ನಿಂತಾಗ, ಮುಕೇಶರು ಹಾಡಬೇಕಿತ್ತೆಂದು ಚಿತ್ರದ ನಿರ್ಮಾಪಕರು ಆಕ್ಷೇಪಿಸಿದ್ದರು. ಸಂಗೀತ ನಿರ್ದೇಶಕರಾದ ಶಂಕರ್ ಮತ್ತು ನಟ ರಾಜ್ ಕಪೂರ್ ಅವರು ಪಟ್ಟು ಹಿಡಿದದ್ದರಿಂದಲೇ ಆ ಹಾಡು ಮನ್ನಾ ಡೇ ಅವರಿಗೆ ಉಳಿಯಿತು.

1953ರ ಡಿಸೆಂಬರ್ 18ರಂದು ಮನ್ನಾ ಡೇ ಅವರು ಸುಲೋಚನಾ ಕುಮಾರನ್ ಅವರನ್ನು ವಿವಾಹವಾದರು. ಸುಲೋಚನಾ ಅವರು ಕೇರಳದ ಕಣ್ಣೂರಿನವರು. ವರನ ಮಾತೃಭಾಷೆ ಬಂಗಾಳಿ, ವಧುವಿನದು ಮಲಯಾಳ. ನೆಲೆಸಿದ ಊರು ಮುಂಬಯಿ. ದೂರದ ಎರಡು ಪ್ರಾಂತಗಳ ಈ ಇಬ್ಬರನ್ನು ಒಂದಾಗಿಸಿದ ಸಂಗತಿಗಳಲ್ಲಿ ಸಂಗೀತದ ಅಭಿರುಚಿಯೂ ಒಂದು. ಸುಲೋಚನಾ ಅವರು ಗಂಡನ ಹಾಡುಗಾರಿಕೆಯನ್ನು ಮೆಚ್ಚಿದವರು. ಆದರೆ ಮೆಚ್ಚಿದ ಮಾತ್ರಕ್ಕೆ ಆಡಿದ್ದಕ್ಕೆಲ್ಲ ಹೌದೆನ್ನುವವರಲ್ಲ.

ಮದುವೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಆಗ ‘ಬಸಂತ್ ಬಹಾರ್’ ಚಿತ್ರದ ಕೆಲಸವು ಮೊದಲಾಯಿತು. ಅದರ ನಿರ್ದೇಶಕರು ರಾಜಾ ನವಾಥೆ; ಸಂಗೀತ ನಿರ್ದೇಶಕರು ಶಂಕರ್ ಮತ್ತು ಜೈಕಿಶನ್ ಜೋಡಿ. ಚಿತ್ರದ ಕಥೆಯಲ್ಲಿ ಒಂದು ಗಾಯನ ಸ್ಪರ್ಧೆ ಬರುತ್ತದೆ. ತರುಣನಾದ ನಾಯಕನು ಆಸ್ಥಾನದ ಪ್ರೌಢ ವಿದ್ವಾಂಸನೊಡನೆ ಹಾಡಿ ಅವನನ್ನು ಗೆಲ್ಲಬೇಕು. ನಾಯಕನಿಗೆ ಮನ್ನಾ ಡೇ ಅವರೇ ಹಾಡಬೇಕೆಂದು ಶಂಕರ್ ನಿಶ್ಚಯಿಸಿದರು. ಸೋಲುವ ವಿದ್ವಾಂಸನ ದನಿ ಯಾರದೆಂದು ತಿಳಿದಾಗ ಮಾತ್ರ ಮನ್ನಾ ಡೇ ಅವರು ನಿಂತಲ್ಲಿಯೇ ಬೆವರಿದರು. ಆ ದನಿ ಭೀಮಸೇನ ಜೋಶಿಯವರದು!

ಗದಗಿನ ನೆಲದಿಂದ ಬಂದ ಭೀಮಸೇನ ಜೋಶಿಯವರು ಹುಟ್ಟಿದ್ದು 1922ರಲ್ಲಿ. ವಯಸ್ಸಿನಲ್ಲಿ ಮನ್ನಾ ಡೇ ಅವರಿಗಿಂತ ಮೂರು ವರ್ಷ ಚಿಕ್ಕವರು. ಆದರೆ ಸಾಧನೆಯ ಲೆಕ್ಕವೇ ಬೇರೆ. ಹನ್ನೊಂದರ ಎಳೆಯ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆಬಿಟ್ಟು ಹೊರಟು, ಉತ್ತರದೇಶವನ್ನೆಲ್ಲ ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಸೇವೆ ಮಾಡಿ ವಿದ್ಯೆಯನ್ನು ಸಂಪಾದಿಸಿದ ಛಲಗಾರರು ಅವರು. 1946ರಲ್ಲಿ ಗುರುಗಳ ಅರವತ್ತನೆಯ ವರ್ಷದ ಸಮಾರಂಭದಲ್ಲಿ ಪುಣೆಯಲ್ಲಿ ಹಾಡಿದ ಮೇಲೆ ಅವರ ಕೀರ್ತಿಯು ಎಲ್ಲೆಡೆ ಹಬ್ಬಿತ್ತು.

ಇಬ್ಬರದೂ ಸಂಗೀತವೇ. ಆದರೂ ಕಂಠವನ್ನು ಪಳಗಿಸಿದ ಬಗೆ ಬೇರೆ ಬೇರೆ. ಭೀಮಸೇನರ ಗಾಯನ ಗಂಟೆಗಟ್ಟಲೆ ನಡೆಯುವ ಕಛೇರಿಯ ಗಾಯನ. ಬಾಯ್ದೆರೆದು ಅಕಾರದಲ್ಲಿ ಹಾಡುವುದು, ಒಂದೊಂದೇ ಸ್ವರವನ್ನು ನೆಲೆಗೊಳಿಸುತ್ತ ನಿಧಾನವಾಗಿ ರಾಗದ ರೂಪವನ್ನು ಕಟ್ಟುವುದು, ಬಳಿಕ ಹೊಕ್ಕುಳಿನ ಆಳದಿಂದ ಉಸಿರೆತ್ತಿ ಸಿಡಿಲಿನಂತೆ ತಾನುಗಳನ್ನು ಹರಿಸುವುದು ಅವರ ರೀತಿ. ಮೇಲಿನ ಸಪ್ತಕದಲ್ಲಿಯೂ ಆ ದನಿ ತೆಳುವಾಗುತ್ತಿರಲಿಲ್ಲ. ಹಿನ್ನೆಲೆ ಗಾಯಕನಿಗಾದರೋ ಇರುವ ಅವಕಾಶ ಮೂರು ನಾಲ್ಕು ನಿಮಿಷ. ಅಷ್ಟರೊಳಗೆ ಅವನು ಪಾತ್ರದ ವಯಸ್ಸು, ಮನಸ್ಸು, ಸಂದರ್ಭ ಎಲ್ಲವನ್ನೂ ದನಿಯಲ್ಲಿ ತೋರಿಸಬೇಕು. ಮೈಕಿನ ಮುಂದೆ ಉಸಿರಿನ ಸದ್ದೂ ಕೇಳದಂತೆ, ಪದದ ಒಂದು ಅಕ್ಷರವೂ ಮಸುಕಾಗದಂತೆ ಹಾಡಬೇಕು. ಮೊದಲನೆಯದು ವಿಶಾಲವಾದ ಕೆರೆಯಲ್ಲಿ ಈಜುವ ವಿದ್ಯೆಯಾದರೆ, ಎರಡನೆಯದು ತುಂಬಿದ ಕೊಡವನ್ನು ಹನಿಯೂ ತುಳುಕದಂತೆ ಹೊತ್ತು ತರುವ ವಿದ್ಯೆ. ಮನ್ನಾ ಡೇ ಅವರು ಎರಡನೆಯದರಲ್ಲಿ ನಿಪುಣರು; ಮೊದಲನೆಯದನ್ನೂ ಅಭ್ಯಾಸ ಮಾಡಿ ಬಲ್ಲವರು. ಬಲ್ಲವರಾದುದರಿಂದಲೇ ಅವರಿಗೆ ಭಯವಾಯಿತು. ಅರಿಯದವನಾಗಿದ್ದರೆ ಎದುರಿಗಿರುವವರು ಯಾರೆಂಬುದೇ ತಿಳಿಯುತ್ತಿರಲಿಲ್ಲ.

ಮನೆಗೆ ಬಂದ ಮನ್ನಾ ಡೇ ಅವರು ಹೆಂಡತಿಯನ್ನು ಕರೆದು, ಕೆಲವು ದಿನ ಮುಂಬಯಿಯನ್ನು ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣವೆಂದರು. ತಾವು ಊರಿನಲ್ಲಿ ಇಲ್ಲದಿದ್ದರೆ ಬೇರೆ ಯಾರಿಂದಲಾದರೂ ಆ ಹಾಡನ್ನು ಹಾಡಿಸುತ್ತಾರೆ. ಗಂಡಾಂತರವು ಕಳೆಯುತ್ತದೆ ಎಂಬುದು ಅವರ ಯೋಚನೆ. ಈ ಪ್ರಸಂಗವನ್ನು ಮುಂದೆ ಅವರೇ ಅನೇಕ ಸಲ ನಗುನಗುತ್ತ ನೆನೆದುಕೊಂಡಿದ್ದಾರೆ. ಆದರೆ ಆ ಹೊತ್ತಿನಲ್ಲಿ ಅದು ನಗುವಿನ ಮಾತಾಗಿರಲಿಲ್ಲ. ಭೀಮಸೇನ ಜೋಶಿಯವರನ್ನು ತಾನು ಗೆಲ್ಲುವುದೆಂದರೇನು? ಅದು ಆಗದ ಮಾತು ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು.

ಸುಲೋಚನಾ ಅವರು ಇದನ್ನು ಒಪ್ಪಲಿಲ್ಲ. ಗಂಡನು ಓಡಿಹೋಗುವ ಮಾತನ್ನಾಡಿದ್ದೇ ಅವರಿಗೆ ಸರಿಬೀಳಲಿಲ್ಲ. ನೀವು ಹಾಡುತ್ತಿರುವುದು ಕಥಾನಾಯಕನಿಗಾಗಿ; ನಾಯಕನು ಗೆಲ್ಲಲೇಬೇಕು; ಆದುದರಿಂದ ನೀವೂ ಗೆಲ್ಲಲೇಬೇಕು ಎಂದು ಅವರು ವಾದಿಸಿದರು. ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಕುವ ಬದಲು ಅಭ್ಯಾಸಕ್ಕೆ ಕುಳಿತುಕೊಳ್ಳಬೇಕೆಂದು ಅವರು ಗಂಡನನ್ನು ಒತ್ತಾಯಿಸಿದರು.

ಈ ಭಿನ್ನಾಭಿಪ್ರಾಯವನ್ನು ಕೊಂಚ ಸೂಕ್ಷ್ಮವಾಗಿ ನೋಡಬೇಕು. ಗಂಡನ ಮಾತಿನಲ್ಲಿ ಸುಳ್ಳಿರಲಿಲ್ಲ. ಶಾಸ್ತ್ರೀಯ ಗಾಯನದ ತಕ್ಕಡಿಯಲ್ಲಿ ತೂಗಿದರೆ ಭೀಮಸೇನರ ಕಡೆಯೇ ಭಾರವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಿರಿದಾದುದನ್ನು ಹಿರಿದೆಂದು ಒಪ್ಪುವುದು ದೊಡ್ಡ ಗುಣವೇ ಹೌದು. ಆದರೆ ಹೆಂಡತಿಯು ಹಿಡಿದ ತಕ್ಕಡಿಯೇ ಬೇರೆ. ಅಲ್ಲಿ ನಡೆಯಲಿದ್ದುದು ಇಬ್ಬರು ವಿದ್ವಾಂಸರ ಕಛೇರಿಯಲ್ಲ, ಒಂದು ಕಥೆಯ ಸನ್ನಿವೇಶ. ಆ ಸನ್ನಿವೇಶವನ್ನು ನಂಬುವಂತೆ ಮಾಡುವುದು ಹಾಡುವವನ ಹೊಣೆ. ಭೀಮಸೇನರ ಮೇಲಿನ ಗೌರವದ ಹೆಸರಿನಲ್ಲಿ ಆ ಹೊಣೆಯನ್ನು ಕೆಳಗಿಳಿಸಿ ನಡೆದರೆ ಅದು ವಿನಯವಾಗುವುದಿಲ್ಲ. ಅಂಜಿಕೆಯೇ ವಿನಯದ ಉಡುಪನ್ನು ತೊಟ್ಟಂತಾಗುತ್ತದೆ. ಗಂಡನು ಗಾಯಕರ ಶಕ್ತಿಯನ್ನು ಅಳೆದನು. ಹೆಂಡತಿ ಕೆಲಸದ ಧರ್ಮವನ್ನು ನೆನಪಿಸಿದಳು. ಇಬ್ಬರ ಮಾತೂ ನಿಜವಾಗಿತ್ತು. ಆದರೆ ಆ ದಿನ ಅನುಸರಿಸಬೇಕಾಗಿದ್ದುದು ಹೆಂಡತಿಯ ಮಾತನ್ನು.

ಕೊನೆಗೆ ಮನ್ನಾ ಡೇ ಅವರು ಊರು ಬಿಡಲಿಲ್ಲ, ಅಭ್ಯಾಸಕ್ಕೆ ಕುಳಿತರು. ಗರಡಿಯಲ್ಲಿ ಕಲಿತ ಪಾಠವು ಈಗ ಒದಗಿ ಬಂದಿತು. ಎದುರಾಳಿಯು ತನಗಿಂತ ಬಲಶಾಲಿಯೆಂದು ತಿಳಿದ ಮಲ್ಲನು ಅಖಾಡವನ್ನು ಬಿಟ್ಟು ಓಡುವುದಿಲ್ಲ. ತನ್ನ ಮೈಗೆ ಒಗ್ಗುವ ಪಟ್ಟುಗಳನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಾನೆ. ಬಸಂತ್ ಮತ್ತು ಬಹಾರ್ ಎಂಬ ವಸಂತಕಾಲದ ಎರಡು ರಾಗಗಳ ಬೆಡಗನ್ನು ಹೊತ್ತ ಆ ಹಾಡಿನಲ್ಲಿ ಸ್ವರಗಳ ಓಟವಿದೆ, ತಾನುಗಳ ಸರಮಾಲೆಯಿದೆ, ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿಯಬೇಕಾದ ಚಾತುರ್ಯವಿದೆ. ಮನ್ನಾ ಡೇ ಅವರು ಅದನ್ನೆಲ್ಲ ಗಂಟಲಿಗೆ ಒಗ್ಗಿಸಿಕೊಂಡರು.

ಆ ಕಾಲದ ಧ್ವನಿಮುದ್ರಣವು ಇಂದಿನಂತೆ ಸುಲಭವಾಗಿರಲಿಲ್ಲ. ಹಾಡುವವರು, ವಾದ್ಯ ನುಡಿಸುವವರು ಎಲ್ಲರೂ ಒಂದೇ ಕಡೆ ಸೇರಿ, ಒಂದೇ ಓಟದಲ್ಲಿ ಹಾಡನ್ನು ಮುಗಿಸಬೇಕಾಗಿತ್ತು. ನಡುವೆ ಒಬ್ಬರು ತಪ್ಪಿದರೂ ಮೊದಲಿನಿಂದ ಆರಂಭಿಸಬೇಕು. ಬೇಡವಾದುದನ್ನು ಕತ್ತರಿಸಿ ಬೇಕಾದುದನ್ನು ಜೋಡಿಸುವ ಸೌಕರ್ಯ ಆಗಿರಲಿಲ್ಲ. ಅಂತಹ ದಿನಗಳಲ್ಲಿ ಭೀಮಸೇನ ಜೋಶಿಯವರ ಪಕ್ಕದಲ್ಲಿ ನಿಂತು ಮನ್ನಾ ಡೇ ಅವರು ಹಾಡಿದರು. ಹಾಡು ಸಿದ್ಧವಾಯಿತು. ಮನ್ನಾ ಡೇ ಅವರು ನೆನೆದಿರುವಂತೆ, ಭೀಮಸೇನರು ಅವರ ಗಾಯನವನ್ನು ಮನಸಾರೆ ಮೆಚ್ಚಿಕೊಂಡು, ಶಾಸ್ತ್ರೀಯ ಸಂಗೀತವನ್ನು ಏಕೆ ಮುಂದುವರಿಸಬಾರದೆಂದು ವಿಚಾರಿಸಿದರು. ತಾನು ಸೋಲುವ ಪಾತ್ರಕ್ಕೆ ದನಿ ಕೊಡುವುದರಲ್ಲಿ ಆ ಮಹಾಗಾಯಕನು ಕುಂದೆಣಿಸಲಿಲ್ಲ. ಗೆದ್ದವನನ್ನು ಮೆಚ್ಚುವುದರಲ್ಲಿ ಜಿಪುಣತನ ತೋರಲಿಲ್ಲ.

ತೆರೆಯ ಮೇಲೆ ಮನ್ನಾ ಡೇ ಗೆದ್ದರು. ಆದರೆ ಆ ಗೆಲುವನ್ನು ಅವರು ಎಂದೂ ತಲೆಗೇರಿಸಿಕೊಳ್ಳಲಿಲ್ಲ. ಭೀಮಸೇನರನ್ನು ತಾನು ಸೋಲಿಸಿದೆನೆಂದು ಅವರು ಹೇಳಿಕೊಂಡವರಲ್ಲ. ಕಥೆ ಗೆಲ್ಲಿಸಿತು ಎಂಬ ವಿವೇಕವು ಅವರಲ್ಲಿ ಕೊನೆಯವರೆಗೂ ಇದ್ದಿತು. ಹೀಗೆ ನೋಡಿದರೆ, ಮನೆಯಲ್ಲಿ ನಡೆದ ವಾದದಲ್ಲಿ ಗಂಡನು ಪೂರ್ತಿಯಾಗಿ ಸೋಲಲೂ ಇಲ್ಲ. ಭೀಮಸೇನರೇ ಹಿರಿಯರೆಂಬ ತಮ್ಮ ಅಭಿಪ್ರಾಯವನ್ನು ಅವರು ಬದಲಿಸಲಿಲ್ಲ. ಆ ಅಭಿಪ್ರಾಯವನ್ನು ಇಟ್ಟುಕೊಂಡೇ ತಮ್ಮ ಕೆಲಸವನ್ನು ಮಾಡಿ ಮುಗಿಸುವುದನ್ನು ಕಲಿತರು.

ಹಾಡಿನ ಸ್ಪರ್ಧೆಯೊಂದು ಹನ್ನೆರಡು ವರ್ಷಗಳ ಬಳಿಕ ಮತ್ತೆ ಅವರ ಪಾಲಿಗೆ ಬಂದಿತು. 1968ರ ‘ಪಡೋಸನ್’ ಎಂಬ ಹಾಸ್ಯಚಿತ್ರದಲ್ಲಿ ಶಾಸ್ತ್ರೀಯ ಸಂಗೀತವನ್ನು ಬಲ್ಲ ಮೇಷ್ಟರೊಬ್ಬನ ಪಾತ್ರಕ್ಕೆ ಮನ್ನಾ ಡೇ ಹಾಡಿದರು. ಎದುರಿನ ದನಿ ಕಿಶೋರ್ ಕುಮಾರ್ ಅವರದು. ಕಿಶೋರ್ ಕುಮಾರ್ ಶಾಸ್ತ್ರೀಯ ಸಂಗೀತವನ್ನು ಗುರುಮುಖದಿಂದ ಕಲಿತವರಲ್ಲ. ತಮ್ಮ ಸಹಜವಾದ ಕಂಠಶ್ರೀಯಿಂದಲೇ ಜನಮನವನ್ನು ಸೂರೆಗೊಂಡವರು. ಕಥೆಯ ಪ್ರಕಾರ ಇಲ್ಲಿ ಸೋಲಬೇಕಾದವನು ಕಲಿತ ಗಾಯಕನೇ. ಹಿಂದೆ ಭೀಮಸೇನರು ಸೋತ ಸ್ಥಾನದಲ್ಲಿ ಈಗ ಮನ್ನಾ ಡೇ ನಿಂತಿದ್ದರು. ಗೆಲ್ಲುವ ಹಾಡನ್ನು ಹಾಡಿದಷ್ಟೇ ಶ್ರದ್ಧೆಯಿಂದ ಅವರು ಸೋಲುವ ಹಾಡನ್ನೂ ಹಾಡಿದರು. ಕೇಳಿದವರು ಇಂದಿಗೂ ನಕ್ಕು ನಲಿಯುವಂತೆ ಆ ಹಾಡು ಉಳಿದುಕೊಂಡಿದೆ.

ಸುಲೋಚನಾ ಅವರ ನೆರವು ಒಂದು ಹಾಡಿಗೆ ಮುಗಿಯಲಿಲ್ಲ.  1965ರಲ್ಲಿ ‘ಚೆಮ್ಮೀನ್’ ಎಂಬ ಮಲಯಾಳ ಚಿತ್ರಕ್ಕೆ ಸಲಿಲ್ ಚೌಧುರಿಯವರ ಸಂಗೀತ ನಿರ್ದೇಶನದಲ್ಲಿ ಹಾಡುವ ಸಂದರ್ಭ ಬಂದಾಗ, ಮನ್ನಾ ಡೇ ಅವರಿಗೆ ಆ ಭಾಷೆಯ ಉಚ್ಚಾರಣೆ ಕಠಿಣವಾಯಿತು. ನಾಲಗೆಯನ್ನು ಮಡಚಿ ನುಡಿಯುವ ದ್ರಾವಿಡ ಭಾಷೆಯ ಅಕ್ಷರಗಳು ಬಂಗಾಳಿ ನಾಲಗೆಗೆ ಹೊಸವು. ಆಗ ಕಣ್ಣೂರಿನ ಗೃಹಿಣಿಯೇ ಗುರುವಾಗಿ ಪದಗಳನ್ನು ತಿದ್ದಿದರು. ಆ ಹಾಡು ಕೇರಳದ ಮನೆಮನೆಗೂ ತಲುಪಿತು. ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕವೂ ದೊರೆಯಿತು. ಮನ್ನಾ ಡೇ ಅವರು ಬಂಗಾಳಿ, ಹಿಂದಿಗಳಲ್ಲದೆ ಮರಾಠಿ, ಗುಜರಾತಿ, ಕನ್ನಡ ಮೊದಲಾದ ಭಾಷೆಗಳಲ್ಲಿಯೂ ಹಾಡಿದರು. ಅವರು ಹಾಡಿದ ಹಾಡುಗಳು ಮೂರು ಸಾವಿರಕ್ಕೂ ಮಿಕ್ಕಿವೆ.

ಪ್ರಶಸ್ತಿಗಳು ಒಂದರ ಹಿಂದೆ ಒಂದು ಬಂದವು. 1968ರ ‘ಮೇರೆ ಹುಜೂರ್’ ಚಿತ್ರದಲ್ಲಿ ದರಬಾರಿ ರಾಗದಲ್ಲಿ ಹಾಡಿದ ಗೀತೆಗಾಗಿಯೂ, ಅನಂತರ ‘ನಿಶಿಪದ್ಮ’ ಎಂಬ ಬಂಗಾಳಿ ಚಿತ್ರದ ಗಾಯನಕ್ಕಾಗಿಯೂ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. 1971ರಲ್ಲಿ ಪದ್ಮಶ್ರೀ, 2005ರಲ್ಲಿ ಪದ್ಮಭೂಷಣ ಗೌರವಗಳು ದೊರೆತವು. ಚಲನಚಿತ್ರರಂಗದ ಅತ್ಯುನ್ನತ ಗೌರವವಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ 2007ನೆಯ ವರ್ಷಕ್ಕಾಗಿ ಅವರು ಆಯ್ಕೆಯಾದರು. 2008ರಲ್ಲಿ ಭೀಮಸೇನ ಜೋಶಿಯವರಿಗೆ ಭಾರತರತ್ನ ಪ್ರಶಸ್ತಿಯು ಘೋಷಿತವಾಯಿತು. ಅಂದು ಒಟ್ಟಿಗೆ ಹಾಡಿದ ಇಬ್ಬರನ್ನೂ ದೇಶವು ಹೀಗೆ ಅವರವರ ಹಾದಿಯಲ್ಲಿಯೇ ಗುರುತಿಸಿ ಗೌರವಿಸಿತು.

ದುರ್ಗದ ಕಥೆಯೂ ತವರಿಗೆ ಹಿಂದಿರುಗಿತ್ತು. 1975ರಲ್ಲಿ ಜಿ. ವಿ. ಅಯ್ಯರ್ ಅವರು ‘ಹಂಸಗೀತೆ’ಯನ್ನು ಕನ್ನಡದಲ್ಲಿಯೇ ಚಲನಚಿತ್ರವನ್ನಾಗಿ ಮಾಡಿದರು. ಅದರಲ್ಲಿನ ಗಾಯನಕ್ಕಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಒಂದೇ ಕಾದಂಬರಿ ಹಿಂದೂಸ್ಥಾನಿ ಮತ್ತು ಕರ್ನಾಟಕ ಎಂಬ ಎರಡು ಸಂಗೀತ ಪದ್ಧತಿಗಳ ಅಮೂಲ್ಯ ಗೀತೆಗಳಿಗೆ ಆಶ್ರಯವಾದುದು ವಿಶೇಷವೇ ಸರಿ.

ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂಬಯಿಯಲ್ಲಿ ಬಾಳಿದ ಮನ್ನಾ ಡೇ ದಂಪತಿಗಳು ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ತಮ್ಮ ಬದುಕಿನ ಆ ತಿರುವಿಗೆ ಕಾರಣವಾದ ಕಥೆ ಹುಟ್ಟಿದ ಕೋಟೆ ಅಲ್ಲಿಂದ ಹಿರಿಯೂರಿನ ದಾರಿಯಾಗಿ ಸುಮಾರು 200 ಕಿಲೋಮೀಟರುಗಳಷ್ಟೇ ದೂರ. 2012ರ ಜನವರಿಯಲ್ಲಿ ಸುಲೋಚನಾ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಐವತ್ತೆಂಟು ವರ್ಷಗಳ ಸಂಗಾತಿಯನ್ನು ಕಳೆದುಕೊಂಡ ಗಾಯಕನಿಗೆ ಮನೆ ಬರಿದಾಯಿತು. ಹೆಂಡತಿಯ ನೆನಪಿಗಾಗಿ ಕೆಲವು ಹಾಡುಗಳನ್ನು ಹಾಡಿ ಅರ್ಪಿಸಬೇಕೆಂಬ ಆಸೆ ಅವರಿಗೆ ಇದ್ದಿತು. ಆದರೆ ಅದು ಕೈಗೂಡಲಿಲ್ಲ. 2013ರ ಅಕ್ಟೋಬರ್ 24ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು.

ಐತಿಹ್ಯದ ವೆಂಕಟಸುಬ್ಬಯ್ಯನು ಹಾಡಬಾರದಲ್ಲಿ ಹಾಡಲಿಲ್ಲ. ಅದಕ್ಕಾಗಿ ನಾಲಗೆಯನ್ನೇ ತೆತ್ತನು. ಮನ್ನಾ ಡೇ ಅವರು ಹಾಡಲೇಬೇಕಾದಲ್ಲಿ ಹಾಡದೆ ತಪ್ಪಿಸಿಕೊಳ್ಳಲು ಹೊರಟಿದ್ದರು. ಮನೆಯಾಕೆ ಅಡ್ಡನಿಂತು ತಡೆದಳು. ನಮ್ಮ ಅಭಿಪ್ರಾಯವನ್ನೆಲ್ಲ ಒಪ್ಪಿ ತಲೆದೂಗುವವರು ನಮಗೆ ಪ್ರಿಯರಾಗುವುದು ಸಹಜ. ಆದರೆ ನಮ್ಮ ಅಂಜಿಕೆಗೆ ಹೌದೆನ್ನದೆ, ನಮ್ಮ ಶಕ್ತಿಯನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿ ಎದುರು ಮಾತನಾಡುವವರು ಮನೆಯಲ್ಲಿ ಒಬ್ಬರಿದ್ದರೆ ಅದು ದೊಡ್ಡ ಭಾಗ್ಯ. ಆ ಭಾಗ್ಯವು ಮನ್ನಾ ಡೇ ಅವರಿಗೆ ಒದಗಿತ್ತು. ಹಿರಿಯ ಗಾಯಕನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತಲೇ ಅವನೆದುರು ಧೈರ್ಯವಾಗಿ ದನಿಯೆತ್ತುವುದು ಹೇಗೆಂಬುದನ್ನು, ಆ ಹಾಡನ್ನು ಇಂದು ಕೇಳುವವರೂ ತಿಳಿಯಬಹುದು.